ಜಾಂಭೋಜಿ: ಬರದ ನಾಡಿನಲ್ಲೊಂದು ಬದುಕಿನ ಕಟ್ಟಳೆ

ಪರಿಸರ ಚಳವಳಿಗಳ ಚರಿತ್ರೆಯನ್ನು ಬರೆಯುವವರು 1730ರಲ್ಲಿ ಮಾರವಾಡದ ಖೇಜಡ್ಲಿ ಎಂಬ ಹಳ್ಳಿಯಲ್ಲಿ ನಡೆದ ಬಲಿದಾನವನ್ನು ಪ್ರಸ್ತಾಪಿಸದೆ ಮುಂದೆ ಹೋಗುವುದು ಅಪರೂಪ. ಅರಸನ ಆಳುಗಳು ಕಡಿಯಲು ಬಂದ ಮರಗಳನ್ನು ಅಪ್ಪಿಕೊಂಡು 363 ಮಂದಿ ಬಿಷ್ಣೋಯಿಗಳು ಪ್ರಾಣ ಕೊಟ್ಟ ಈ ಪ್ರಸಂಗ ಕನ್ನಡದ ಓದುಗರಿಗೂ ಅಪರಿಚಿತವಲ್ಲ. 1973ರ ಚಿಪ್ಕೊ ಮತ್ತು 1983ರಲ್ಲಿ ಉತ್ತರ ಕನ್ನಡದ ಸಲ್ಕಣಿಯಲ್ಲಿ ಮೊದಲಾದ ಅಪ್ಪಿಕೋ ಚಳವಳಿಗಳ ಚರ್ಚೆ ಬಂದಾಗಲೆಲ್ಲ ಅದರ ಉಲ್ಲೇಖ ಬರುತ್ತದೆ. ಆದರೆ ಆ 363 ಮಂದಿ ಯಾವ ಕಟ್ಟಳೆಯನ್ನು ಉಳಿಸಿಕೊಳ್ಳಲು ಸತ್ತರೋ ಆ ಕಟ್ಟಳೆಯನ್ನು ನೀಡಿದ ಜಾಂಭೋಜಿ (ಜಂಭೇಶ್ವರ, 1451–1536) ಆ ಹೊತ್ತಿಗೆ ತೀರಿಕೊಂಡು ಸುಮಾರು ಎರಡು ಶತಮಾನಗಳಾಗಿದ್ದವು. ಘಟನೆಯನ್ನು ಬಲ್ಲ ನಮಗೆ ಅದರ ಹಿಂದಿನ ವ್ಯಕ್ತಿ ಅಷ್ಟಾಗಿ ಗೊತ್ತಿಲ್ಲ.

ಈಚಿನ ದಶಕಗಳಲ್ಲಿ ಜಾಂಭೋಜಿಯವರನ್ನು ಭಾರತದ ಮೊದಲ ಪರಿಸರವಾದಿ ಎಂದು ಕರೆಯುವ ರೂಢಿ ಬೆಳೆದಿದೆ. ಗೌರವದಿಂದಲೇ ಹುಟ್ಟಿದ ಈ ವಿಶೇಷಣವು ಅವರ ಬದುಕನ್ನು ಕುಗ್ಗಿಸುತ್ತದೆ ಎಂಬುದು ಪ್ರಸ್ತುತ ಲೇಖನದ ನಿಲುವು. ಅವರು ಕೊಟ್ಟ 29 ನಿಯಮಗಳಲ್ಲಿ ಹಸಿಮರ ಕಡಿಯಬಾರದು ಎಂಬುದು ಒಂದು. ಅದನ್ನೊಂದನ್ನೇ ಬಿಡಿಸಿ ತೆಗೆದರೆ ಉಳಿದ 28ರ ಜೊತೆಗೆ ಅದಕ್ಕಿದ್ದ ಸಂಬಂಧ ಕಡಿದುಹೋಗುತ್ತದೆ. ಮರವನ್ನು ಉಳಿಸಿಕೊಳ್ಳುವುದು ಅವರಿಗೆ ಪ್ರತ್ಯೇಕವಾದ ಒಂದು ಧ್ಯೇಯವಾಗಿರಲಿಲ್ಲ. ಬರಗಾಲಕ್ಕೆ ಸಿಕ್ಕಿ ಚದುರಿಹೋಗುತ್ತಿದ್ದ ಒಕ್ಕಲು ಮತ್ತು ದನಗಾಹಿ ಜನರನ್ನು ಒಂದೆಡೆ ನಿಲ್ಲಿಸುವ ಕೆಲಸದ ಒಂದು ಭಾಗವಾಗಿತ್ತು. ಅವರ ಜೀವನವನ್ನು ಈ ನೆಲೆಯಿಂದ ನೋಡಲು ಇಲ್ಲಿ ಪ್ರಯತ್ನಿಸಲಾಗಿದೆ.

ಆಕರಗಳ ಬಗ್ಗೆ ಒಂದು ಮಾತು. ಜಾಂಭೋಜಿಯವರ ಉಪದೇಶಗಳೆಂದು ಪಂಥವು ಒಪ್ಪಿರುವ 120 ಸಬದಗಳ ಸಂಗ್ರಹಕ್ಕೆ ಸಬದವಾಣಿ ಎಂದು ಹೆಸರು. ಪ್ರತಿಯೊಂದು ಸಬದಕ್ಕೂ ಯಾರು, ಎಲ್ಲಿ, ಏನು ಕೇಳಿದಾಗ ಅದು ಹೊರಟಿತು ಎಂದು ತಿಳಿಸುವ ಪ್ರಸಂಗಗಳನ್ನು ಶಿಷ್ಯ ಪರಂಪರೆಯವರು ನಂತರ ಜೋಡಿಸಿದ್ದಾರೆ. ಬಿಡಿಯಾಗಿದ್ದ ವಚನಗಳಿಗೆ ಶೂನ್ಯಸಂಪಾದನೆಗಳು ಸಂವಾದದ ಸನ್ನಿವೇಶವನ್ನು ಕಟ್ಟಿಕೊಟ್ಟ ಬಗೆಯನ್ನು ಬಲ್ಲ ಕನ್ನಡದ ಅಧ್ಯಯನಕಾರರಿಗೆ ಈ ಕ್ರಮ ಹೊಸದೆನಿಸದು, ಅದರ ತೊಡಕುಗಳೂ ಹೊಸವಲ್ಲ. ಇವುಗಳ ಜೊತೆಗೆ ಸಾಖಿ ಎಂಬ ಹಾಡುಗಳಿವೆ, ಕಥನಕಾವ್ಯಗಳಿವೆ. ಈ ಎಲ್ಲ ಸಾಮಗ್ರಿಯನ್ನು ಹಸ್ತಪ್ರತಿಗಳ ಆಧಾರದಿಂದ ಮೊದಲ ಬಾರಿಗೆ ವ್ಯವಸ್ಥಿತವಾಗಿ ಪರಿಶೀಲಿಸಿದವರು ಹೀರಾಲಾಲ್ ಮಾಹೇಶ್ವರಿ. ಅವರ ಎರಡು ಸಂಪುಟಗಳ ಹಿಂದಿ ಅಧ್ಯಯನ 1970ರಲ್ಲಿ ಪ್ರಕಟವಾಯಿತು. ಪವಾಡ ಮತ್ತು ಚರಿತ್ರೆ ಹೆಣೆದುಕೊಂಡಿರುವ ಈ ಆಕರಗಳಲ್ಲಿ ಪವಾಡವನ್ನು ಕಿತ್ತೆಸೆದು ಚರಿತ್ರೆಯನ್ನಷ್ಟೇ ಉಳಿಸಿಕೊಳ್ಳುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಒಂದು ಸಮುದಾಯ ಯಾವ ಪವಾಡವನ್ನು ನೆನಪಿಟ್ಟುಕೊಂಡಿದೆ ಎಂಬುದೂ ಅದರ ಚರಿತ್ರೆಯೇ.

ಜಾಂಭೋಜಿ ಹುಟ್ಟಿದ್ದು ನಾಗೌರ್ ಸೀಮೆಯ ಪೀಪಾಸರ ಎಂಬ ಹಳ್ಳಿಯಲ್ಲಿ, ವಿಕ್ರಮ ಸಂವತ್ 1508ರ ಭಾದ್ರಪದ ಕೃಷ್ಣ ಅಷ್ಟಮಿಯಂದು. ನಮ್ಮ ಅಮಾಂತ ಪಂಚಾಂಗದ ಪ್ರಕಾರ ಇದು ಶ್ರಾವಣ ಬಹುಳ ಅಷ್ಟಮಿ, ಅಂದರೆ ಕೃಷ್ಣಾಷ್ಟಮಿಯ ದಿನ. ತಂದೆ ಪಂವಾರ ರಜಪೂತ ಕುಲದ ಲೋಹಟಜಿ, ತಾಯಿ ಹಂಸಾದೇವಿ. ತಂದೆತಾಯಿಗಳಿಗೆ ತಡವಾಗಿ ಹುಟ್ಟಿದ ಒಬ್ಬನೇ ಮಗ. ಮನೆಯಲ್ಲಿ ನೆಲವೂ ಇತ್ತು, ದನಕರುಗಳ ದೊಡ್ಡ ಹಿಂಡೂ ಇತ್ತು.

ಆ ಕಾಲದ ಮಾರವಾಡವನ್ನು ಕುರಿತು ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಅದು ರಾಠೋಡರ ಪ್ರಭುತ್ವ ಗಟ್ಟಿಗೊಳ್ಳುತ್ತಿದ್ದ ಕಾಲ. ರಾವ್ ಜೋಧಾ ಜೋಧಪುರದ ಕೋಟೆಗೆ ಅಡಿಗಲ್ಲಿಟ್ಟದ್ದು 1459ರಲ್ಲಿ, ಅವನ ಮಗ ಬೀಕಾ ಬಿಕಾನೇರನ್ನು ಸ್ಥಾಪಿಸಿದ್ದು 1488ರಲ್ಲಿ. ಜಾಂಭೋಜಿಯವರ ಬಾಲ್ಯದಿಂದ ನಡುವಯಸ್ಸಿನವರೆಗಿನ ಅವಧಿಯಲ್ಲಿ ಆ ಮರುಭೂಮಿಯ ಉದ್ದಗಲಕ್ಕೂ ಕೋಟೆಗಳು ಏಳುತ್ತಿದ್ದವು. ಕೋಟೆಗೆ ಗಾರೆ ಬೇಕು, ಗಾರೆಗೆ ಸುಣ್ಣ ಬೇಕು, ಸುಣ್ಣದ ಗೂಡಿಗೆ ಸೌದೆ ಬೇಕು. ಈ ಸರಪಳಿಯ ಕೊನೆಯ ಕೊಂಡಿಯನ್ನು ಮುಂದೆ ಖೇಜಡ್ಲಿಯಲ್ಲಿ ಕಾಣುತ್ತೇವೆ. ಎರಡನೆಯದು ಮಳೆ. ಬಿಕಾನೇರ್ ಸೀಮೆಯಲ್ಲಿ ವರ್ಷಕ್ಕೆ ಬೀಳುವುದು ಸುಮಾರು 250 ಮಿಲಿಮೀಟರ್, ಅದೂ ನೆಚ್ಚಿಕೆಯಿಲ್ಲದ್ದು. ಧಾನ್ಯ, ನೀರು, ಮೇವು ಮೂರೂ ಒಟ್ಟಿಗೆ ಕೈಕೊಟ್ಟ ಬರವನ್ನು ಅಲ್ಲಿಯ ಜನ ತ್ರಿಕಾಲ ಎನ್ನುತ್ತಾರೆ. ಬರಕ್ಕೆ ಇಷ್ಟು ಸೂಕ್ಷ್ಮವಾದ ಹೆಸರಿಡಬೇಕಾಗಿ ಬಂದ ಜನರ ಅನುಭವ ಎಂಥದ್ದಿರಬೇಕು ಎಂಬುದನ್ನು ಊಹಿಸಬಹುದು. ಅಂಥ ವರ್ಷಗಳಲ್ಲಿ ಉಳಿದಿದ್ದ ದಾರಿ ಒಂದೇ: ದನಗಳನ್ನು ಹೊಡೆದುಕೊಂಡು ಮಾಳವದ ಕಡೆಗೆ ಗುಳೆ ಹೋಗುವುದು.

ಇಂಥ ನೆಲದಲ್ಲಿ ಮನುಷ್ಯರನ್ನೂ ಪಶುಗಳನ್ನೂ ಕೊನೆಯವರೆಗೆ ಕೈಬಿಡದ ಮರವೊಂದಿದೆ. ಅಲ್ಲಿ ಖೇಜಡಿ, ಸಂಸ್ಕೃತದಲ್ಲಿ ಶಮೀ. ಸಸ್ಯಶಾಸ್ತ್ರಜ್ಞರು ಪ್ರೊಸೋಪಿಸ್ ಸಿನರೇರಿಯಾ ಎನ್ನುವ ಈ ಮರ ಕನ್ನಡಿಗರ ಬನ್ನಿಯೇ. ನಾವು ವಿಜಯದಶಮಿಯಂದು ಬಂಗಾರವೆಂದು ಕೈಗೆ ಕೈ ಬದಲಿಸಿಕೊಳ್ಳುವ ಎಲೆಯು ಅಲ್ಲಿ ಆಡು, ಕುರಿ, ಒಂಟೆಗಳ ಮೇವು, ಅದರ ಹೆಸರು ಲೂಂಗ್. ಎಳೆಯ ಕಾಯಿ ಸಾಂಗರಿ ಮನುಷ್ಯರ ಊಟಕ್ಕೆ ಒದಗುತ್ತದೆ, ಒಣಗಿಸಿಟ್ಟರೆ ವರ್ಷವಿಡೀ ಉಳಿಯುತ್ತದೆ. ಬೇರು ಬಹಳ ಆಳಕ್ಕೆ ಇಳಿಯುವುದರಿಂದ ಮಳೆ ತಪ್ಪಿದ ವರ್ಷವೂ ಮರ ಹಸಿರಾಗಿರುತ್ತದೆ. ದ್ವಿದಳ ಜಾತಿಯದಾದ್ದರಿಂದ ಮಣ್ಣಿಗೆ ಸಾರಜನಕವನ್ನು ಸೇರಿಸುತ್ತದೆ, ಹಾಗಾಗಿ ಅದರ ನೆರಳಿನಲ್ಲೂ ಸಜ್ಜೆ ಬೆಳೆಯುತ್ತದೆ. ಬೇಸಾಯ, ಪಶುಪಾಲನೆ, ಅಡುಗೆಮನೆ ಮೂರನ್ನೂ ಒಂದೇ ಮರ ಹಿಡಿದು ನಿಲ್ಲಿಸಿರುವ ನಾಡಿನಲ್ಲಿ ಅದನ್ನು ಬುಡಸಹಿತ ಕಡಿಯುವುದು ಮುಂದಿನ ಬರಗಾಲಕ್ಕೆ ಇಟ್ಟ ಕೂಳನ್ನು ಇಂದೇ ಸುಟ್ಟಂತೆ.

ಪಂಥದ ಪರಂಪರೆಯು ಜಾಂಭೋಜಿಯವರ 85 ವರ್ಷಗಳ ಆಯುಷ್ಯವನ್ನು ಮೂರು ಭಾಗ ಮಾಡುತ್ತದೆ: 7 ವರ್ಷ ಬಾಲ್ಯ, 27 ವರ್ಷ ಗೋಪಾಲನೆ, 51 ವರ್ಷ ಉಪದೇಶ. ಲೆಕ್ಕ ಇಷ್ಟು ಸರಿಯಾಗಿ ಕೂಡಿಬಂದಾಗ ಸಂಶೋಧಕನಿಗೆ ಸಂಶಯ ಬರುವುದು ಸಹಜ. ಆದರೂ ಈ ವಿಭಜನೆಯಲ್ಲಿ ಮುಖ್ಯವಾದುದೊಂದಿದೆ. ಸಂತನಾಗುವ ಮುನ್ನ ಆತ ದೀರ್ಘಕಾಲ ದನ ಕಾಯ್ದವನು ಎಂಬ ಸಂಗತಿಯನ್ನು ಪಂಥ ಮುಚ್ಚಿಟ್ಟಿಲ್ಲ, ಅದಕ್ಕೊಂದು ಪ್ರತ್ಯೇಕ ಅಧ್ಯಾಯವನ್ನೇ ಕೊಟ್ಟಿದೆ.

ಬಾಲಕ ಏಳು ವರ್ಷದವರೆಗೆ ಮಾತಾಡಲಿಲ್ಲವಂತೆ. ಊರವರು ಮೂಗನೆಂದರು, ಮರುಳನೆಂದರು. ಚಿಂತೆಗೊಳಗಾದ ಲೋಹಟಜಿ ಮಂತ್ರವಾದಿಯಾದ ಪುರೋಹಿತನೊಬ್ಬನನ್ನು ಕರೆಸಿದರು. ಅವನು ಎಷ್ಟು ಪ್ರಯತ್ನಿಸಿದರೂ ಹಚ್ಚಿದ ದೀಪಗಳು ಉರಿಯಲಿಲ್ಲ. ಆಗ ಬಾಲಕ ಹಸಿ ನೂಲಿಗೆ ಸುಡದ ಮಡಕೆಯನ್ನು ಕಟ್ಟಿ ಬಾವಿಯಿಂದ ನೀರು ಸೇದಿ, ಆ ನೀರನ್ನೇ ಹಣತೆಗಳಿಗೆ ತುಂಬಿ ದೀಪ ಬೆಳಗಿಸಿ, ಮೊದಲ ಸಬದವನ್ನು ನುಡಿದನೆಂಬುದು ಐತಿಹ್ಯ. ಸಂತಚರಿತ್ರೆಗಳಲ್ಲಿ ಇಂಥ ಮೌನದ ಬಾಲ್ಯ ವಿರಳವಲ್ಲ. ಈ ಪವಾಡದ ವಿಶೇಷವಿರುವುದು ಅದರ ಪರಿಕರಗಳಲ್ಲಿ. ನೂರಾರು ಅಡಿ ಆಳದ ಬಾವಿಯಿಂದ ಎತ್ತು, ಒಂಟೆಗಳನ್ನು ಹೂಡಿ ನೀರೆತ್ತಬೇಕಾದ ನಾಡಿನ ಜನಮನಸ್ಸು ತನ್ನ ಗುರುವಿನ ಮೊದಲ ಮಹಿಮೆಯನ್ನು ನೂಲು, ಮಡಕೆ ಮತ್ತು ನೀರಿನಲ್ಲಿ ಕಂಡಿದೆ.

ಮುಂದಿನ 27 ವರ್ಷ ಅವರು ತಂದೆಯ ದನಗಳನ್ನು ಮೇಯಿಸಿಕೊಂಡಿದ್ದರು. ಮದುವೆಯಾಗಲಿಲ್ಲ. ಈ ಅವಧಿಯ ಬಗ್ಗೆ ಪವಾಡಗಳನ್ನು ಬಿಟ್ಟರೆ ಆಕರಗಳು ಹೆಚ್ಚೇನನ್ನೂ ಹೇಳುವುದಿಲ್ಲ. ಆದರೆ ಯಾವ ಹುಲ್ಲು ಯಾವ ಮಳೆಗೆ ಚಿಗುರುತ್ತದೆ, ಯಾವ ತಗ್ಗಿನಲ್ಲಿ ನೀರು ಎಷ್ಟು ದಿನ ನಿಲ್ಲುತ್ತದೆ, ಬರ ಬಂದಾಗ ಹಿಂಡಿನಲ್ಲಿ ಮೊದಲು ಸಾಯುವುದು ಯಾವುದು ಎಂಬುದನ್ನು ದನಗಾಹಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಮುಂದೆ ಅವರು ವಿಧಿಸಿದ ನಿಯಮಗಳಲ್ಲಿ ಕೆಲವು ಈ ತಿಳಿವಳಿಕೆಯಿಲ್ಲದೆ ಹುಟ್ಟುವಂಥವಲ್ಲ.

1483ರ ಸುಮಾರಿಗೆ ತಂದೆ, ತಾಯಿ ಇಬ್ಬರೂ ತೀರಿಕೊಂಡರು. ಜಾಂಭೋಜಿ ಆಸ್ತಿಯನ್ನೆಲ್ಲ ಹಂಚಿ, ತಾವು ದನ ಮೇಯಿಸುತ್ತಿದ್ದ ಸಂಭರಾಥಳ ಎಂಬ ಮರಳುದಿಬ್ಬದ ಮೇಲೆ ನೆಲೆಸಿದರು. ಅಲ್ಲಿಗೆ ಎರಡು ವರ್ಷದಲ್ಲೇ ಆ ಸೀಮೆಗೆ ಭೀಕರ ಬರ ಬಂತು. ಊರುಗಳು ಗುಳೆ ಎದ್ದವು. ಹೊರಟು ನಿಂತವರನ್ನು ಜಾಂಭೋಜಿ ತಡೆದು, ದಿನದಿನಕ್ಕೆ ಬೇಕಾದ ಧಾನ್ಯವನ್ನು ಕೊಟ್ಟು, ಮರುಮಳೆಯವರೆಗೆ ಅಲ್ಲಿಯೇ ಉಳಿಸಿಕೊಂಡರು ಎನ್ನುತ್ತದೆ ಪಂಥದ ಕಥನ. ಧಾನ್ಯ ಎಲ್ಲಿಂದ ಬಂತು ಎಂಬುದಕ್ಕೆ ಭಕ್ತರ ಬಳಿ ಅಕ್ಷಯದ ಉತ್ತರವಿದೆ. ಹಂಚಿದ ಆಸ್ತಿಗೂ ಈ ಧಾನ್ಯಕ್ಕೂ ಸಂಬಂಧವಿತ್ತೇ ಎಂದು ಕೇಳಿಕೊಳ್ಳಬೇಕೆನಿಸುತ್ತದೆ. ಉತ್ತರ ಏನೇ ಇರಲಿ, ಕಥನದ ಅನುಕ್ರಮ ಗಮನಾರ್ಹವಾದುದು: ಮೊದಲು ಕೂಳು, ಅನಂತರ ಉಪದೇಶ. ದಾಸೋಹದ ಪರಿಕಲ್ಪನೆಯನ್ನು ಬಲ್ಲವರಿಗೆ ಈ ಅನುಕ್ರಮದ ಅರ್ಥವನ್ನು ವಿವರಿಸಬೇಕಾಗಿಲ್ಲ. ಉಪದೇಶ ಕೇಳಲು ಬಂದವರು ಹಸಿದು ಬಂದವರಾಗಿದ್ದರು. ಅವರಿಗೆ ಬೇಕಾಗಿದ್ದುದು ಇನ್ನೊಂದು ಬರ ಬಂದಾಗ ಹೀಗೆ ಹೊರಡಬೇಕಾಗದಂಥ ಒಂದು ಬದುಕಿನ ಕ್ರಮ.

ಬರ ಹಿಂಗಿದ ಮೇಲೆ, 1485ರ ಕಾರ್ತಿಕ ಕೃಷ್ಣ ಅಷ್ಟಮಿಯಂದು, ಅಂದರೆ ದೀಪಾವಳಿಗೆ ಕೆಲವೇ ದಿನ ಮುಂಚೆ, ಸಂಭರಾಥಳದ ಮೇಲೆ ಕಲಶ ಸ್ಥಾಪಿಸಿ ಜಾಂಭೋಜಿ ಪಂಥವನ್ನು ಆರಂಭಿಸಿದರು. ಮಂತ್ರಿಸಿದ ನೀರನ್ನು ಕುಡಿಸುವುದೇ ದೀಕ್ಷೆ, ಅದಕ್ಕೆ ಪಾಹಳ ಎಂದು ಹೆಸರು. ಮೊದಲು ಪಾಹಳ ಪಡೆದವರು ಅವರ ಬಂಧು ಪೂಲ್ಹೋಜಿ. ಬಂದು ಸೇರಿದವರಲ್ಲಿ ಜಾಟ ಒಕ್ಕಲಿಗರ ಸಂಖ್ಯೆಯೇ ಹೆಚ್ಚು. ರಜಪೂತರು, ಬನಿಯರು, ಬ್ರಾಹ್ಮಣರು, ಕಸುಬುದಾರರು ಕೂಡ ಇದ್ದರು. ಹಳೆಯ ಗೋತ್ರನಾಮಗಳು ಉಳಿದುಕೊಂಡವಾದರೂ ಪಾಹಳ ಕುಡಿದವರೆಲ್ಲ ಒಂದೇ ಸಮುದಾಯವಾದರು, ಕೊಟ್ಟುಕೊಳ್ಳುವುದು ಅದರೊಳಗೇ ನಡೆಯಿತು. ಜಾತಿಯನ್ನು ದಾಟಲು ಹೊರಟ ಪಂಥ ಕೊನೆಗೆ ತಾನೇ ಒಂದು ಜಾತಿಯಂತಾಗುವ ಈ ಪ್ರಕ್ರಿಯೆ ನಮಗೆ ತೀರ ಪರಿಚಿತವಾದುದು.

ಬೀಸ್ ಎಂದರೆ 20, ನೋ ಎಂದರೆ 9. ಈ 29 ನಿಯಮಗಳಿಂದ ಬಿಷ್ಣೋಯಿ ಎಂಬ ಹೆಸರು ಬಂತೆಂಬುದು ಪ್ರಚಲಿತ ನಿಷ್ಪತ್ತಿ. ವಿಷ್ಣುವಿನ ಆರಾಧಕರಾದ್ದರಿಂದ ವಿಷ್ಣೋಯಿ ಎಂಬುದು ಇನ್ನೊಂದು. ಎರಡಕ್ಕೂ ಸಮರ್ಥಕರಿದ್ದಾರೆ. ನಿಯಮಗಳ ಪಟ್ಟಿ ಸಬದವಾಣಿಯೊಳಗೆ ಪಟ್ಟಿಯಾಗಿಯೇ ಸಿಗುವುದಿಲ್ಲ, ಶಿಷ್ಯ ಪರಂಪರೆಯ ಪದ್ಯದಲ್ಲಿ ಸಿಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಸಂಖ್ಯೆಯ ನಿಷ್ಪತ್ತಿಯನ್ನು ಕಣ್ಣುಮುಚ್ಚಿ ಒಪ್ಪುವುದು ಕಷ್ಟ.

ನಿಯಮಗಳನ್ನು ಒಟ್ಟಾಗಿ ಓದಿದವರಿಗೆ ಮೊದಲು ಕಾಣುವುದು ಅವುಗಳ ಬೆರಕೆ. ಬೆಳಗಿನ ಸ್ನಾನ, ಸಂಧ್ಯೋಪಾಸನೆ, ಹೋಮ, ವಿಷ್ಣುಸ್ಮರಣೆ, ಅಮಾವಾಸ್ಯೆಯ ಉಪವಾಸಗಳ ಪಕ್ಕದಲ್ಲೇ ಕದಿಯಬಾರದು, ನಿಂದಿಸಬಾರದು, ಸುಳ್ಳಾಡಬಾರದು, ವ್ಯರ್ಥ ವಾದ ಮಾಡಬಾರದು ಎಂಬ ವಿಧಿಗಳಿವೆ. ಅಫೀಮು, ತಂಬಾಕು, ಭಂಗಿ, ಮದ್ಯಗಳಿಗೆ ಒಂದೊಂದಕ್ಕೂ ಪ್ರತ್ಯೇಕ ನಿಷೇಧವಿದೆ. ಮನೆಗೆ ಬಂದವರಿಗೆ ಅಫೀಮು ಕೊಟ್ಟು ಸತ್ಕರಿಸುವುದೇ ಮರ್ಯಾದೆಯಾಗಿದ್ದ ಮಾರವಾಡದಲ್ಲಿ ಅದನ್ನು ನಿಷೇಧಿಸುವುದೆಂದರೆ ದೊಡ್ಡವರ ಪಂಕ್ತಿಯಿಂದ ಎದ್ದು ಹೋಗುವುದೆಂದೇ ಅರ್ಥ. ಪ್ರಾಣಿ, ಮರಗಳಿಗೆ ನೇರವಾಗಿ ಸಂಬಂಧಿಸಿದ ನಿಯಮಗಳು ಆರಕ್ಕೆ ಮೀರವು: ಜೀವದಯೆ, ಹಸಿಮರ ಕಡಿಯದಿರುವುದು, ಮಾಂಸ ತಿನ್ನದಿರುವುದು, ಹೋರಿಗೆ ಬೀಜ ಒಡೆಯದಿರುವುದು, ಆಡು ಕುರಿಗಳಿಗೆ ಸಾಮೂಹಿಕ ಹಟ್ಟಿಯನ್ನು ಇಡುವುದು, ನೀರು ಹಾಲುಗಳನ್ನು ಸೋಸಿ, ಸೌದೆಯನ್ನು ಕೊಡವಿ ಹುಳುಗಳನ್ನು ಉಳಿಸುವುದು.

ಇವುಗಳಲ್ಲಿ ಎರಡನ್ನು ಬಿಡಿಸಿ ನೋಡಬೇಕು. ಹಿಂಡಿನಲ್ಲಿ ಹುಟ್ಟುವ ಗಂಡು ಆಡು, ಟಗರುಗಳಿಂದ ದನಗಾಹಿಗೆ ಹಾಲಿಲ್ಲ, ಆದ್ದರಿಂದ ಅವು ಕಟುಕನ ಪಾಲಾಗುತ್ತವೆ. ಇದನ್ನು ಬರಿಯ ನಿಷೇಧದಿಂದ ತಡೆಯಲಾಗದು. ಬಡವನೊಬ್ಬ ಮಾರದೆ ಇಟ್ಟುಕೊಂಡರೆ ಮೇವಿನ ಹೊರೆಯನ್ನು ಯಾರು ಹೊರಬೇಕು? ಜಾಂಭೋಜಿಯವರ ನಿಯಮ ಹೊರೆಯನ್ನು ಒಬ್ಬನ ಹೆಗಲಿನಿಂದ ಇಳಿಸಿ ಊರಿನ ಹೆಗಲಿಗೆ ಹಾಕುತ್ತದೆ. ಅಂಥ ಪಶುಗಳನ್ನು ಊರೇ ಒಂದು ಹಿಂಡಾಗಿ ಸಾಕಬೇಕು, ಅವು ಸಾಯುವವರೆಗೆ ಕೊಲ್ಲದೆ ನೋಡಿಕೊಳ್ಳಬೇಕು. ಅಮರ ಠಾಟ್ ಎಂಬ ಹೆಸರಿನ ಈ ವ್ಯವಸ್ಥೆಯಲ್ಲಿ ದಯೆಯು ಮನೋಭಾವವಾಗಿ ಉಳಿಯದೆ ಸಂಸ್ಥೆಯಾಗಿದೆ. ಹೋರಿಯ ನಿಯಮದ್ದು ಬೇರೆ ಬಗೆ. ನಾಗೌರ್ ತಳಿಯ ಎತ್ತುಗಳು ಉಳುಮೆ ಮತ್ತು ಗಾಡಿಗೆ ಹೆಸರಾದವು, ಎತ್ತಾಗಬೇಕಾದರೆ ಬೀಜ ಒಡೆಯಲೇಬೇಕು. ಅದೇ ಸೀಮೆಯಲ್ಲಿ ಕುಳಿತು ಅದನ್ನು ನಿಷೇಧಿಸಿದ್ದು ಒಕ್ಕಲಿಗನ ಕೈಗೆ ಬರುವ ಹಣವನ್ನು ಬಿಡಿಸಿದಂತೆ. ಈ ನಿಯಮಗಳನ್ನು ಬರಿಯ ಉಪಯುಕ್ತತೆಯ ಲೆಕ್ಕದಿಂದ ವಿವರಿಸುವವರು ಇಲ್ಲಿ ಉತ್ತರ ಕೊಡಬೇಕಾಗುತ್ತದೆ. ಖೇಜಡಿಯನ್ನು ಉಳಿಸುವುದರಲ್ಲಿ ಲಾಭವಿತ್ತು, ಹೋರಿಯನ್ನು ಹಾಗೆಯೇ ಬಿಡುವುದರಲ್ಲಿ ಇರಲಿಲ್ಲ. ಎರಡೂ ಒಂದೇ ಪಟ್ಟಿಯಲ್ಲಿವೆ.

ಇಂದಿನ ಓದುಗರನ್ನು ಮುಜುಗರಕ್ಕೀಡುಮಾಡುವ ನಿಯಮಗಳೂ ಇವೆ. ಬಾಣಂತಿಗೆ 30 ದಿನ ಸೂತಕ, ಮುಟ್ಟಾದವಳಿಗೆ 5 ದಿನ ಪ್ರತ್ಯೇಕತೆ. ಆಧುನಿಕ ವ್ಯಾಖ್ಯಾನಕಾರರು ಇದನ್ನು ಹೆಣ್ಣಿಗೆ ದೊರೆತ ವಿಶ್ರಾಂತಿ ಎಂದು ಸಮರ್ಥಿಸುತ್ತಾರೆ. ದುಡಿತವೇ ಬದುಕಾಗಿದ್ದ ಹೆಣ್ಣಿಗೆ ಆ 30 ದಿನ ವಿಶ್ರಾಂತಿಯಾಗಿಯೂ ಒದಗಿರಬಹುದು. ಆದರೆ ನಿಯಮದ ಭಾಷೆ ಶುದ್ಧಾಶುದ್ಧತೆಯದು, ವಿಶ್ರಾಂತಿಯದಲ್ಲ. ಮರದ ನಿಯಮಕ್ಕೆ ಚಪ್ಪಾಳೆ ತಟ್ಟಿ ಇದನ್ನು ನೋಡದಂತೆ ಹಾದುಹೋಗುವುದು ಪ್ರಾಮಾಣಿಕ ಓದಲ್ಲ. ನೀಲಿ ಬಟ್ಟೆಯ ನಿಷೇಧಕ್ಕಂತೂ ಒಬ್ಬೊಬ್ಬರು ಒಂದೊಂದು ಕಾರಣ ಕೊಡುತ್ತಾರೆ. ನೀಲಿಗಿಡದ ಬೆಳೆಗೂ ಬಣ್ಣದ ಕಸುಬಿಗೂ ಅದನ್ನು ಜೋಡಿಸುವ ವಿವರಣೆ ಹೆಚ್ಚು ಪ್ರಚಾರದಲ್ಲಿದೆ.

ಬಿಷ್ಣೋಯಿಗಳು ಹೆಣವನ್ನು ಸುಡುವುದಿಲ್ಲ, ಹೂಳುತ್ತಾರೆ. ವಸಾಹತು ಕಾಲದ ಜನಗಣತಿ ವರದಿಗಳು ಈ ಆಚರಣೆಯನ್ನು ವಿಶೇಷವಾಗಿ ದಾಖಲಿಸಿವೆ. ಚಿತೆಗೆ ಬೇಕಾಗುವ ಸೌದೆಯನ್ನು ಉಳಿಸಲು ಈ ಪದ್ಧತಿ ಎಂಬುದು ಇಂದಿನ ಜನಪ್ರಿಯ ವಿವರಣೆ. ನಾಥ ಸಿದ್ಧರ ಸಮಾಧಿ ಸಂಪ್ರದಾಯವನ್ನು ನೆನೆಯುವವರಿದ್ದಾರೆ, ಇಸ್ಲಾಮಿನ ಪ್ರಭಾವವನ್ನು ಗುರುತಿಸುವವರೂ ಇದ್ದಾರೆ. ರಾಜಸ್ಥಾನದ ಜನಪದ ಪಂಥಗಳನ್ನು ಅಧ್ಯಯನ ಮಾಡಿದ ಡೊಮಿನಿಕ್ ಸಿಲಾ ಖಾನ್ ಅವರು ಇಂಥ ಪಂಥಗಳ ಹಿಂದೆ ಇಸ್ಮಾಯಿಲಿ ಧರ್ಮಪ್ರಚಾರದ ಪದರಗಳನ್ನು ಹುಡುಕಿದ್ದು ಸಾಕಷ್ಟು ಚರ್ಚೆಗೆ ಕಾರಣವಾಯಿತು. 15ನೆಯ ಶತಮಾನದ ನಾಗೌರ್ ಸೂಫಿಗಳ ನೆಲೆಯೂ ಆಗಿತ್ತು, ನಾಥಯೋಗಿಗಳ ಸಂಚಾರದ ಹಾದಿಯೂ ಆಗಿತ್ತು. ಆ ನೆಲದಲ್ಲಿ ಹುಟ್ಟಿದ ಪಂಥವೊಂದು ಒಂದೇ ಮೂಲದಿಂದ ಬಂದಿರಬೇಕೆಂದು ಹಟ ಹಿಡಿಯುವುದು ಇಂದಿನ ಅಸ್ಮಿತೆಯ ರಾಜಕಾರಣದ ಅಗತ್ಯವೇ ಹೊರತು ಆ ಕಾಲದ್ದಲ್ಲ.

ಪಂಥ ಸ್ಥಾಪನೆಯ ನಂತರದ 51 ವರ್ಷಗಳಲ್ಲಿ ಜಾಂಭೋಜಿ ಬಹಳ ಸುತ್ತಿದರು. ರಾವ್ ಜೋಧಾ, ರಾವ್ ಬೀಕಾ, ನಾಗೌರಿನ ಮಹಮ್ಮದ್ ಖಾನ್, ಮೇವಾಡದ ರಾಣಾ ಸಾಂಗಾ, ದಿಲ್ಲಿಯ ಸಿಕಂದರ್ ಲೋದಿ ಇವರೆಲ್ಲ ಅವರ ಪ್ರಭಾವಕ್ಕೆ ಒಳಗಾದರೆಂದು ಪ್ರಸಂಗಗಳು ಹೇಳುತ್ತವೆ. ಮೇಡತಾವನ್ನು ಕಳೆದುಕೊಂಡಿದ್ದ ರಾವ್ ದೂದಾ, ಅಂದರೆ ಮೀರಾಬಾಯಿಯ ಅಜ್ಜ, ಇವರಿಂದ ಕೈರ್ ಎಂಬ ಮುಳ್ಳುಗಿಡದ ಮರದ ಖಡ್ಗವನ್ನು ಪಡೆದು ರಾಜ್ಯವನ್ನು ಮರಳಿ ಗೆದ್ದನಂತೆ. ಎಲ್ಲ ಅರಸರನ್ನೂ ಗುರುವಿನ ಪಾದಕ್ಕೆ ತರುವ ಈ ಕಥೆಗಳನ್ನು ಚರಿತ್ರೆಯೆಂದು ಓದುವ ಅಗತ್ಯವಿಲ್ಲ. ಆದರೆ ಅವುಗಳಲ್ಲೊಂದು ಸಮಾನ ಸೂತ್ರವಿದೆ. ಅರಸರು ಏನಾದರೂ ಕೊಡಲು ಬಂದಾಗಲೆಲ್ಲ ಈ ಗುರು ಭೂಮಿಯನ್ನಾಗಲಿ ಹೊನ್ನನ್ನಾಗಲಿ ಕೇಳುವುದಿಲ್ಲ, ತನ್ನ ಜನರಿರುವ ಎಡೆಯಲ್ಲಿ ಬೇಟೆ ನಿಲ್ಲಲಿ, ಮರ ಉಳಿಯಲಿ ಎಂದು ಕೇಳುತ್ತಾನೆ. ಕರ ಎತ್ತುವ, ಬೇಟೆಯಾಡುವ, ಕೋಟೆ ಕಟ್ಟುವ ಪ್ರಭುತ್ವದ ನಡುವೆ ಒಂದಿಷ್ಟು ನೆಲವನ್ನು ಅದರ ಕೈಗೆ ಸಿಗದಂತೆ ಕಾಯ್ದುಕೊಳ್ಳುವ ಬಯಕೆ ಈ ಕಥೆಗಳ ಒಳಗಿದೆ.

ಬರಿಯ ಉಪದೇಶವೇ ಅಲ್ಲದೆ ಕೆರೆಯ ಕೆಲಸವೂ ನಡೆಯಿತು. ಫಲೋದಿಯ ಬಳಿ ಜಾಂಭಾ ಎಂಬ ಊರಿನಲ್ಲಿರುವ ಜಾಂಭೋಳಾವ ಕೆರೆಯನ್ನು ಅವರು ಮುಂದೆ ನಿಂತು ತೋಡಿಸಿದರು. ಅಲ್ಲಿ ಸ್ನಾನ ಮಾಡುವುದು ಪುಣ್ಯವೆಂದು ಬಿಷ್ಣೋಯಿಗಳು ನಂಬಿದ್ದಾರೆ. ಕೆರೆಯ ಮಣ್ಣನ್ನು ತೆಗೆದು ದಂಡೆಗೆ ಹಾಕುವುದೂ ಯಾತ್ರೆಯ ವಿಧಿಯಲ್ಲಿ ಸೇರಿದೆ. ಹೂಳೆತ್ತುವ ಕೆಲಸವನ್ನು ಹರಕೆಯೊಳಗೆ ಸೇರಿಸಿದ ಜಾಣ್ಮೆ ಯಾರದೆಂಬುದು ಖಚಿತವಿಲ್ಲದಿದ್ದರೂ ಅದು ಈ ಪಂಥದ ಮನೋಧರ್ಮಕ್ಕೆ ಒಪ್ಪುವಂಥದ್ದು.

ಇದೇ ಸೀಮೆಯ ಕತರಿಯಾಸರದಲ್ಲಿ ಜಸನಾಥ ಎಂಬ ತರುಣ ಸಿದ್ಧ 36 ನಿಯಮಗಳ ಇನ್ನೊಂದು ಪಂಥವನ್ನು ಕಟ್ಟಿ 1506ರಲ್ಲಿ ಸಮಾಧಿಸ್ಥನಾದ. ಪಂಜಾಬಿನಲ್ಲಿ ನಾನಕ್, ದಕ್ಷಿಣದಲ್ಲಿ ಪುರಂದರದಾಸರು ಇದೇ ಕಾಲದವರು. ಆದರೆ ಜಾಂಭೋಜಿ ಮತ್ತು ಜಸನಾಥರಂತೆ ದಿನಚರಿಯ ಪಟ್ಟಿಯನ್ನೇ ಧರ್ಮವನ್ನಾಗಿಸಿದವರು ಕಡಿಮೆ. ಹಾಡು ಹೇಳಿಕೊಂಡು ಬದುಕನ್ನು ಇದ್ದಂತೆಯೇ ಬಿಡಲು ಮರುಭೂಮಿ ಅವಕಾಶ ಕೊಡುವುದಿಲ್ಲವೇನೋ.

1536ರ ಮಾರ್ಗಶೀರ್ಷ ಕೃಷ್ಣ ನವಮಿಯಂದು ಲಾಲಾಸರದಲ್ಲಿ ಜಾಂಭೋಜಿ ತೀರಿಕೊಂಡರು. ಅವರ ದೇಹವನ್ನು ತಾಳವಾ ಎಂಬ ಊರಿನ ಬಳಿ, ಖೇಜಡಿ ಮರವೊಂದನ್ನು ಗುರುತಾಗಿಟ್ಟುಕೊಂಡು ಹೂಳಲಾಯಿತೆಂದು ಪರಂಪರೆ ಹೇಳುತ್ತದೆ. ಬಿಕಾನೇರ್ ಜಿಲ್ಲೆಯ ನೋಖಾ ತಾಲೂಕಿನ ಆ ಸ್ಥಳವೇ ಇಂದಿನ ಮುಕಾಮ್. ಗುರುವಿನ ನಂತರ ಕಟ್ಟುಪಾಡುಗಳು ಸಡಿಲಗೊಂಡವು. 16ನೆಯ ಶತಮಾನದ ಕೊನೆಯ ಹೊತ್ತಿಗೆ ವೀಲ್ಹೋಜಿ ಎಂಬ ಕವಿ, ಸಂಘಟಕರು ಊರೂರು ತಿರುಗಿ ಪಂಥವನ್ನು ಮತ್ತೆ ಕಟ್ಟದಿದ್ದರೆ ಸಂಭರಾಥಳದ ಕಲಶ ಬಹುಶಃ ಒಂದೆರಡು ತಲೆಮಾರುಗಳ ನೆನಪಾಗಿ ಮುಗಿಯುತ್ತಿತ್ತು. ಸಂತರ ಚರಿತ್ರೆಯಲ್ಲಿ ಎರಡನೆಯ ತಲೆಮಾರಿನವರಿಗೆ ನಾವು ಕೊಡುವ ಜಾಗ ಯಾವಾಗಲೂ ಕಡಿಮೆಯೇ.

ಖೇಜಡ್ಲಿಗಿಂತ ಮೊದಲೇ, 1604ರಲ್ಲಿ, ಕರ್ಮಾ ಮತ್ತು ಗೌರಾ ಎಂಬ ಇಬ್ಬರು ಹೆಂಗಸರು ಖೇಜಡಿ ಕಡಿಯುವುದನ್ನು ತಡೆಯಲು ಪ್ರಾಣ ಕೊಟ್ಟ ಪ್ರಸಂಗವನ್ನು ಸಾಖಿಗಳು ಹಾಡುತ್ತವೆ. 1730ರಲ್ಲಿ ಜೋಧಪುರದ ಮಹಾರಾಜ ಅಭಯಸಿಂಹನ ಕಟ್ಟಡದ ಕೆಲಸಕ್ಕೆ ಸುಣ್ಣ ಸುಡಬೇಕಾಯಿತು. ಸೌದೆಗಾಗಿ ಅಧಿಕಾರಿ ಗಿರಿಧರ ಭಂಡಾರಿ ಆಳುಗಳೊಂದಿಗೆ ಖೇಜಡ್ಲಿಗೆ ಬಂದ. ಅಮೃತಾದೇವಿ ಮತ್ತು ಅವಳ ಮೂವರು ಹೆಣ್ಣುಮಕ್ಕಳು ಮೊದಲು ಮರವನ್ನು ಅಪ್ಪಿ ನಿಂತು ಕೊಡಲಿಗೆ ಬಿದ್ದರು. ಸುದ್ದಿ ಸುತ್ತಲ ಹಳ್ಳಿಗಳಿಗೆ ಹೋಯಿತು. ಜನ ಒಬ್ಬರ ಹಿಂದೊಬ್ಬರು ಬಂದು ಸತ್ತರು, ಒಟ್ಟು 363. ಅವರಲ್ಲಿ 69 ಮಂದಿ ಹೆಂಗಸರು. ಕೊನೆಗೆ ಅರಸ ಹಿಂದೆಗೆದು ಬಿಷ್ಣೋಯಿ ಹಳ್ಳಿಗಳಲ್ಲಿ ಮರ ಕಡಿಯುವುದನ್ನೂ ಬೇಟೆಯನ್ನೂ ನಿಷೇಧಿಸಿದ. ಸುತ್ತಲ ಹಳ್ಳಿಗಳಿಂದ ಸರದಿಯಂತೆ ಬಂದು ಸಾಯುವುದು ಒಂದು ಕ್ಷಣದ ಆವೇಶದಿಂದ ಆಗುವ ಕೆಲಸವಲ್ಲ. ಒಂದು ಊರಿನ ಮರ ಇನ್ನೊಂದು ಊರಿನವರ ಹೊಣೆ ಎಂಬ ಭಾವನೆ ಅದಕ್ಕೂ ಮುಂಚೆಯೇ ಬೇರೂರಿರಬೇಕು. ಅಮರ ಠಾಟಿನಲ್ಲಿ ಎರಡು ಶತಮಾನ ಅಭ್ಯಾಸವಾಗಿದ್ದುದು ಅಂದು ಖೇಜಡ್ಲಿಯಲ್ಲಿ ಕೆಲಸಕ್ಕೆ ಬಂತು.

1983ರಲ್ಲಿ ರಾಜಸ್ಥಾನ ಸರ್ಕಾರ ಖೇಜಡಿಯನ್ನು ರಾಜ್ಯವೃಕ್ಷವೆಂದು ಘೋಷಿಸಿತು. ಅಮೃತಾದೇವಿಯ ಹೆಸರಿನಲ್ಲಿ ಪ್ರಶಸ್ತಿಗಳಿವೆ. ಆದರೂ ಈಚಿನ ವರ್ಷಗಳಲ್ಲಿ ಬಿಕಾನೇರ್, ಫಲೋದಿ ಸೀಮೆಗಳಲ್ಲಿ ಸೌರವಿದ್ಯುತ್ ಸ್ಥಾವರಗಳಿಗಾಗಿ ಖೇಜಡಿಗಳನ್ನು ಕಡಿಯಲಾಗುತ್ತಿದ್ದು, ಬಿಷ್ಣೋಯಿಗಳು ಮತ್ತೆ ಧರಣಿ ಕುಳಿತಿದ್ದಾರೆ. ಈ ಸಲ ಕೊಡಲಿ ಬಂದಿರುವುದು ಕೋಟೆಯ ಹೆಸರಿನಲ್ಲಲ್ಲ, ಪರಿಸರದ ಹೆಸರಿನಲ್ಲಿಯೇ. ಮೊದಲ ಪರಿಸರವಾದಿ ಎಂಬ ಬಿರುದು ಜಾಂಭೋಜಿಯವರಿಗೆ ಎಷ್ಟು ಸಾಲದು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಹೊಗೆಯಿಲ್ಲದ ವಿದ್ಯುತ್ತನ್ನು ಲೆಕ್ಕ ಹಾಕುವ ಪರಿಸರವಾದಕ್ಕೆ ಒಂದು ಮರದ ಕೆಳಗಿನ ಸಜ್ಜೆ, ಆಡು, ಸಾಂಗರಿಗಳ ಲೆಕ್ಕ ಸಿಗುವುದಿಲ್ಲ.

ಫಾಲ್ಗುಣ ಮತ್ತು ಆಶ್ವಿನ ಮಾಸಗಳ ಅಮಾವಾಸ್ಯೆಗೆ ಮುಕಾಮಿನಲ್ಲಿ ಜಾತ್ರೆ ನಡೆಯುತ್ತದೆ. ಬಂದವರು ಹೋಮಕ್ಕೆ ತುಪ್ಪ, ಕೊಬ್ಬರಿ ಹಾಕುತ್ತಾರೆ, ಹಕ್ಕಿಗಳಿಗೆಂದು ಧಾನ್ಯ ಕೊಡುತ್ತಾರೆ, ಆಮೇಲೆ ಸಮೀಪದ ಸಂಭರಾಥಳಕ್ಕೆ ನಡೆಯುತ್ತಾರೆ. ದಿಬ್ಬದ ಬುಡದಲ್ಲಿ ಒಂದಿಷ್ಟು ಮರಳನ್ನು ಸೆರಗಿನಲ್ಲೋ ಪಂಚೆಯಲ್ಲೋ ತುಂಬಿಕೊಂಡು ಹತ್ತಿ, ಮೇಲೆ ಸುರಿದು ಬರುತ್ತಾರೆ. ಗಾಳಿ ಅದನ್ನು ಮುಂದಿನ ಜಾತ್ರೆಯೊಳಗೆ ಕೆಳಕ್ಕೆ ಇಳಿಸಿರುತ್ತದೆ.